ಉಡಿಗೆ ಬಿದ್ದ ಪುಸ್ತಕ

ನನಗೆ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು ಕೊಪ್ಪಳದ ತವರಿಗೆ ಬಂದವಳು, ಆಮೇಲೆ ಬಳ್ಳಾರಿಗೆ ಹೋಗಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿತು ಬಂದವಳು, ಬಾಯಿ ಮೆತ್ತಗಿಟ್ಟುಕೊಂಡಿದ್ದರೆ ನನ್ನನ್ನು ಅರೆದು ಚಟ್ನಿ ಮಾಡುತ್ತಿದ್ದರು.

ನನಗೊಬ್ಬಳೇ ತಂಗಿ. ಅವಳನ್ನು ಹುಲಿಹೈದರಕ್ಕೆ ಕೊಟ್ಟಿದ್ದರು. ಮೊದಲ ಹೆರಿಗೆಗೆ ತವರಿಗೆ ಬಂದಾಗ ನಾನಿನ್ನೂ ಬಳ್ಳಾರಿಯ ಮುಖ ನೋಡಿರಲಿಲ್ಲ. ಸೂಲಗಿತ್ತಿ ಕುಡುಗೋಲಿನಿಂದ ಹೊಕ್ಕುಳ ಕೊಯ್ದಳು, ನಾನು ಕೂಸನ್ನು ಎತ್ತಿಕೊಂಡೆ. ಏಳನೆಯ ದಿನ ಕೂಸು ದವಡೆ ಬಿಗಿದು, ಮೊಲೆ ಹಿಡಿಯಲಾರದೆ, ಬಿಲ್ಲಿನಂತೆ ಬಾಗಿ ಸತ್ತಿತು. ಬಾಲಗ್ರಹ ಅಂದರು. ತಂಗಿಯ ಅತ್ತೆ ಮಾತ್ರ ಬೇರೆಯೇ ಅಂದಳು: "ಗಂಡ ಸತ್ತಾಕಿ ಮೊದಲ ಎತ್ತಿಕೊಂಡ್ರ ಕೂಸು ಉಳೀತೈತೇನು?" ಅಂದಿನಿಂದ ಆ ಮನೆಯ ಹೊಸ್ತಿಲು ನನಗೆ ಬಂದ್ ಆಯಿತು. ಎರಡನೆಯ ಹೆರಿಗೆ ಹುಲಿಹೈದರದಲ್ಲೇ ಆಯಿತು. ನನ್ನ ನೆರಳೂ ಬೀಳಲಿಲ್ಲ. ಆ ಕೂಸೂ ಏಳನೆಯ ದಿನಕ್ಕೇ ಹೋಯಿತು. ಅದಕ್ಕೂ ನಾನೇ ಕಾರಣವಂತೆ, ಬಸುರಿ ಇದ್ದಾಗ ನನ್ನ ಕಾಗದ ಬಂದಿತ್ತಂತೆ!

ಅಷ್ಟರಲ್ಲಿ ನಾನು ಬಳ್ಳಾರಿಯಲ್ಲಿ ಕಲಿತಾಗಿತ್ತು. ಕೂಸುಗಳನ್ನು ಕೊಂದದ್ದು ಗ್ರಹವೂ ಅಲ್ಲ, ವಿಧವೆಯ ಕಣ್ಣೂ ಅಲ್ಲ, ಕುಡುಗೋಲಿನ ಹೊಲಸು. ಅದನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದರೆ, ಕಟ್ಟುವ ದಾರವನ್ನು ಕುದಿಸಿದರೆ, ಕೈಯನ್ನು ಸಾಬೂನಿನಿಂದ ತಿಕ್ಕಿ ತೊಳೆದರೆ ಕೂಸು ಉಳಿಯುತ್ತದೆ. ಇಷ್ಟೇ. ಇಷ್ಟು ಮಾತನ್ನು ನಾನು ನನ್ನ ಒಡಹುಟ್ಟಿದವಳಿಗೆ ತಲುಪಿಸಲಾರದೆ ಹೋದೆನಲ್ಲ, ಅದೇ ಈ ಕಥೆ.

ತಂಗಿ ಮೂರನೆಯ ಸಲ ಬಸುರಿಯಾದ ಸುದ್ದಿ ಬಂದಾಗ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಹೋಗುವ ಹಾಗಿಲ್ಲ. ಕಾಗದ ಬರೆದರೆ ಅವಳ ಮಾವ ಒಡೆದು ಓದಿ, ಅತ್ತೆ ಒಲೆಗೆ ಹಾಕುತ್ತಾಳೆ. ತಂಗಿಗೆ ಓದು ಬರುತ್ತದೆ, ನಾನೇ ಕಲಿಸಿದ್ದು. ಆದರೆ ಅವಳ ಕೈಗೆ ಯಾವುದೂ ನೇರವಾಗಿ ಹೋಗುವುದಿಲ್ಲ. ಆಗ ಹೊಳೆಯಿತು: ಕಾಗದ ಸುಡುತ್ತಾರೆ, ಅಚ್ಚಾದ ಪುಸ್ತಕ ಸುಡುವುದಿಲ್ಲ. ನಮ್ಮ ಕಡೆ ಅಚ್ಚಿನ ಅಕ್ಷರವೆಂದರೆ ಸರಸ್ವತಿ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಸರಿ, ಪುಸ್ತಕವನ್ನೇ ಮಾಡುತ್ತೇನೆ ಅಂದುಕೊಂಡೆ. ತಂಗಿಯೊಬ್ಬಳಿಗೇ ಯಾಕೆ, ಇಡೀ ಸೀಮೆಯ ಬಸುರಿಯರಿಗೆ ಆಗಲಿ.

ಬರೆಯುವುದಕ್ಕೆ ಹದಿನೈದು ದಿನ ಹಿಡಿಯಿತು. ಬಸುರಿಯ ಊಟ, ಹೆರಿಗೆಯ ಕೋಣೆ, ಕೈ ತೊಳೆಯುವುದು, ಕುಡುಗೋಲು ಕುದಿಸುವುದು, ಬಾಣಂತಿಯ ಎಣ್ಣೆ ನೀರು, ಅಂಟಿನುಂಡಿ, ಎಲ್ಲ ನಮ್ಮ ಹೆಂಗಸರು ಆಡುವ ಮಾತಿನಲ್ಲೇ ಬರೆದೆ. ನನ್ನ ಹೆಸರು ಹಾಕಿದರೆ ಹುಲಿಹೈದರದ ಬಾಗಿಲಲ್ಲೇ ನಿಂತುಬಿಡುತ್ತದೆ. ಅದಕ್ಕೆ "ಒಬ್ಬ ಅಕ್ಕ ಬರೆದದ್ದು" ಎಂದಷ್ಟೇ ಹಾಕಿದೆ.

ಮೊಗಲಾಯಿಯಲ್ಲಿ, ಅಂದರೆ ನಿಜಾಮರ ನಮ್ಮ ಸೀಮೆಯಲ್ಲಿ, ಕನ್ನಡ ಅಚ್ಚು ಹಾಕಿಸುವುದೆಂದರೆ ಗದಗಿಗೇ ಓಡಬೇಕು. ಬೋರಮಾಳ ಸರ ಮಾರಿ ಗದಗಿನ ಒಂದು ಸಣ್ಣ ಮುದ್ರಣಾಲಯಕ್ಕೆ ಕೊಟ್ಟೆ. ಯುದ್ಧದ ಕಾಲ. ಕಾಗದ ಸಿಗುವುದೇ ದುರ್ಲಭ. ಮೇಲಾಗಿ ಅಲ್ಲಿಯ ಮಾಲೀಕನ ಕತ್ತರಿಸುವ ಯಂತ್ರದ ಅಲಗು ಮುರಿದು, ಹೊಸದು ವಿಲಾಯತಿಯಿಂದ ಬರುವ ಹಾಗಿರಲಿಲ್ಲ. ಮುದ್ರಿಸಿದ ದೊಡ್ಡ ಹಾಳೆಯನ್ನು ಮಡಚಿ ಹೊಲಿದು ಹಾಗೇ ಕೊಟ್ಟ. ಹಾಳೆಗಳ ತಲೆಯೂ ಹೊರಗಿನ ಅಂಚೂ ಕೂಡಿಕೊಂಡೇ ಇದ್ದವು, ಕೆಳಗಷ್ಟೇ ಬಾಯಿ. ಎರಡು ಪುಟ ಕಾಣುತ್ತವೆ, ಮುಂದಿನ ಎರಡು ಚೀಲದೊಳಗೆ ಇದ್ದಂತೆ ಮುಚ್ಚಿರುತ್ತವೆ, ಮತ್ತೆ ಎರಡು ಕಾಣುತ್ತವೆ.

"ಇದೇನ್ರಿ ಹಿಂಗ?" ಅಂದೆ.

"ಇಂಗ್ಲಿಷ್ ಪುಸ್ತಕ ಹಿಂಗಽ ಬರ್ತಾವ್ರಿ ಬಾಯಾರ. ಓದೋರು ಚೂರಿ ತಗೊಂಡು ಬಿಡಿಸ್ಕೋತಾರ," ಅಂದ.

ನಿಜ. ಬಳ್ಳಾರಿಯ ದೊಡ್ಡ ಡಾಕ್ಟರಮ್ಮ ದಂತದ ಚೂರಿಯಿಂದ ಹಾಳೆ ಬಿಡಿಸುತ್ತ ಓದುವುದನ್ನು ನಾನೇ ನೋಡಿದ್ದೆ. ನನ್ನ ಪುಸ್ತಕವೂ ಹಾಗೇ ಬಂತಲ್ಲ ಎಂದು ಒಳಗೊಳಗೇ ಹೆಮ್ಮೆಯಾಯಿತು. ಹೌದು, ಹೆಮ್ಮೆಯೇ. ಈಗ ಬರೆಯುವಾಗ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಪುಸ್ತಕದ ಗಂಟುಗಳು ರೈಲಿನಲ್ಲಿ ಕೊಪ್ಪಳಕ್ಕೆ ಬಂದವು, ಸುಂಕದ ನಾಕಾದಲ್ಲಿ ಕೂತವು. ಅಲ್ಲಿಯ ಗುಮಾಸ್ತ ಒಂದು ಪುಸ್ತಕ ಎಳೆದು ಹಿಂದೆ ಮುಂದೆ ತಿರುವಿದ. ಅವನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

"ಬರದವರ ಹೆಸರೆಲ್ಲಿ ಐತ್ರಿ?"

"ಇಲ್ಲ."

"ಹೆಸರಿಲ್ಲದ ಕಿತಾಬು ಅಂದ್ರ ಸರಕಾರದ ಖಿಲಾಫ್ ಇರತೈತ್ರಿ. ಪೂರಾ ತರ್ಜುಮಾ ಉರ್ದುವಿನಾಗ ಬರದು ಕೊಡ್ರಿ, ಮ್ಯಾಲ ಕಳಸತೀವಿ, ಇಜಾಜತ್ ಬಂದ್ರ ಬಿಡತೀವಿ."

ಹೆರಿಗೆಯ ಪುಸ್ತಕದಲ್ಲಿ ಸರಕಾರ ಎಲ್ಲಿಂದ ಬಂತಪ್ಪ! ಉರ್ದು ಬಲ್ಲ ಒಬ್ಬ ಮುದುಕ ಮೌಲ್ವಿಯನ್ನು ಹಿಡಿದು, ನಾನು ಪರದೆಯ ಈಚೆ ಕೂತು ಹೇಳುವುದು, ಅವರು ಆಚೆ ಕೂತು ಬರೆಯುವುದು ಮಾಡಿದೆವು. ಅರ್ಧಕ್ಕೆ ಬಂದಾಗ ಮೌಲ್ವಿಗಳು "ತೋಬಾ ತೋಬಾ, ಇದನ್ನ ಗಂಡಸು ಬರೀಬಾರದ್ರಿ ತಂಗೀ" ಎಂದು ಲೇಖನಿ ಇಟ್ಟುಬಿಟ್ಟರು. ಉಳಿದದ್ದನ್ನು ನಾನು ಆ ಗುಮಾಸ್ತನ ಎದುರಿಗೇ ನಿಂತು ಬಾಯಿಂದ ಹೇಳತೊಡಗಿದೆ, ಗಟ್ಟಿಯಾಗಿ, ನಾಕಾದಲ್ಲಿದ್ದ ಹಮಾಲರೆಲ್ಲ ಕೇಳುವ ಹಾಗೆ. ನೀರು ಒಡೆಯುವ ತನಕ ಬಂದಿದ್ದೆ, ಅವನು ಕಿವಿಯವರೆಗೂ ಕೆಂಪಾಗಿ, "ಬಸ್ ಬಸ್, ಒಯ್ಯಿರಿ ಬಾಯಾರ," ಎಂದು ಮೊಹರು ಒತ್ತಿದ. ಬಾಯಿ ಜೋರಿದ್ದುದರ ಲಾಭ ನನಗೆ ಆದದ್ದು ಅದೊಂದೇ ಸಲ. ಆದರೆ ಅಷ್ಟರಲ್ಲಿ ಒಂದೂವರೆ ತಿಂಗಳು ಹೋಗಿತ್ತು, ತಂಗಿಗೆ ಐದು ತುಂಬಿತ್ತು.

ಅಂಗಡಿಗಳ ಕಥೆ ಇನ್ನೂ ಚೆಂದ. ಕೊಪ್ಪಳದಲ್ಲಿ ಪಾಟಿ, ಬಳಪ, ಪಂಚಾಂಗ ಮಾರುವ ಅಂಗಡಿಯೊಂದಿತ್ತು. ಆ ಶೆಟ್ಟರು ಪುಸ್ತಕದ ಮೇಲಿನ ಅಕ್ಷರ ಓದಿ, ಬಿಸಿ ಮುಟ್ಟಿದವರಂತೆ ಕೆಳಗಿಟ್ಟರು.

"ಇದನ್ನ ಯಾರು ತಗೋತಾರವಾ? ಅಂಗಡಿಗಿ ಬರೋರು ಗಂಡಸ್ರು. ಗಂಡಸು ಬಂದು ಬಾಣಂತಿ ಪುಸ್ತಕ ಕೊಡ್ರಿ ಅಂತ ಕೇಳತಾನೇನು? ನಾಕ ಮಂದಿ ನಗಂಗಿಲ್ಲೇನು?"

"ಹೆಂಡತಿ ಸತ್ತ ಮ್ಯಾಲ ಅಳೋದಕ್ಕ ನಾಚಿಕಿ ಇಲ್ಲ, ಇದಕ್ಕ ನಾಚಿಕೇನ್ರಿ?" ಅಂದೆ.

"ನೀವು ಹೇಳೋದು ಖರೇನ. ಆದರ ನನ್ನ ಅಂಗಡಿಯಾಗ ಬ್ಯಾಡ."

ಗಂಗಾವತಿಗೆ ಮೋಟಾರಿನಲ್ಲಿ ಹೋಗಿ ಇನ್ನೊಬ್ಬರ ಕಾಲು ಹಿಡಿದೆ. ಅವರು ಹತ್ತು ಪ್ರತಿ ಇಟ್ಟುಕೊಂಡರು. ತಿಂಗಳಾದ ಮೇಲೆ ಹೋಗಿ ನೋಡಿದರೆ ಬೆಲ್ಲದ ಪೆಂಟಿಗಳ ಕೆಳಗೆ ಹಾಸಿದ್ದರು, ನೆಲದ ತಂಪು ಏರಬಾರದಂತೆ. ಯಲಬುರ್ಗಾದಲ್ಲಿ ಒಬ್ಬ ಸಾಲಿ ಮಾಸ್ತರರು ಬಹಳ ಹೊಗಳಿ, ಐದು ಪ್ರತಿ ಗೌರವಕ್ಕೆಂದು ಇಸಿದುಕೊಂಡು, ಬಾಗಿಲವರೆಗೂ ಬಂದು ಕೈಮುಗಿದರು. ಗೌರವ ಬೇಕಾದಷ್ಟು ಸಿಕ್ಕಿತು, ಓದುವವರು ಸಿಗಲಿಲ್ಲ. ಥೂ, ಯಾಕಾದರೂ ಬರೆದೆನೋ ಅನಿಸಿತು. ಬೇಕಾದವರೆಲ್ಲ ಒಳಮನೆಯಲ್ಲಿ ಕೂತಿದ್ದಾರೆ, ಪುಸ್ತಕ ಹೊರಗಿನ ಕಟ್ಟೆಯ ಮೇಲೆ ಬಿದ್ದಿದೆ, ನಡುವೆ ಗಂಡಸರು.

ಒಳಮನೆಯವರೆಗೂ ಹೋಗುವ ಹೊರಗಿನ ಗಂಡಸು ಯಾರಿದ್ದಾನೆ ಎಂದು ಯೋಚಿಸಿದೆ. ಒಬ್ಬನೇ: ಬಳೆಗಾರ.

ನಮ್ಮ ಸೀಮೆಯಲ್ಲಿ ತಿರುಗುತ್ತಿದ್ದ ಮುದುಕ ಬಳೆಗಾರ ನನ್ನ ಕೈಗೂ ಹಿಂದೆ ಬಳೆ ಇಟ್ಟವನೇ. ಗಂಡ ಹೋದಮೇಲೆ ನಮ್ಮ ಬಾಗಿಲಿಗೆ ಬಂದಿರಲಿಲ್ಲ, ಬರುವ ಕಾರಣವೂ ಇರಲಿಲ್ಲ. ಕರೆಕಳುಹಿಸಿದಾಗ ಹೆದರುತ್ತಲೇ ಬಂದು, ಬಳೆಯ ಮಲಾರವನ್ನು ಕಟ್ಟೆಯ ಮೇಲಿಟ್ಟು ದೂರ ಕೂತ. ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡುವ ಮನೆಗೆಲ್ಲ ಹಸಿರು ಬಳೆ ಇಡಲು ಹೋಗುವವನು ಅವನೇ. ಕುಷ್ಟಗಿ, ಯಲಬುರ್ಗಾ, ಕನಕಗಿರಿ, ಹುಲಿಹೈದರ, ಎಲ್ಲಿ ಯಾರಿಗೆ ಎಷ್ಟು ತಿಂಗಳು ಎಂಬುದು ಅವನ ಬೆರಳ ತುದಿಯಲ್ಲಿತ್ತು. ಬಳೆ ಇಟ್ಟ ಕೈಗೆ ಒಂದೊಂದು ಪುಸ್ತಕ ಕೊಡು ಮಾರಾಯ ಎಂದೆ.

ಅವನು ಪುಸ್ತಕವನ್ನು ಎರಡೂ ಕೈಯಿಂದ ತಗೊಂಡ. "ಏನ ಬರದೈತ್ರಿ ಅಕ್ಕಾರ ಇದರಾಗ?"

"ತಾಯಿ, ಕೂಸು ಇಬ್ರೂ ಉಳಿಯೋ ದಾರಿ."

"ಹಂಗಾರ ಇದು ಉಡಿ ತುಂಬೂ ವಸ್ತು ಐತಿ," ಅಂದ. "ಕೈಯಾಗ ಕೊಟ್ರ ಅತ್ತಿ ಕಸಗೋತಾಳ್ರಿ. ಉಡ್ಯಾಗ ಹಾಕಿದ್ದನ್ನ ಯಾರೂ ಕಸಗೊಳ್ಳಂಗಿಲ್ಲ. ಅದು ಬಸರಿದಽ."

ಆಹಾ, ಓದು ಬಾರದ ಆ ಮುದುಕನ ಬುದ್ಧಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಉತ್ತತ್ತಿ, ಅರಿಷಿಣದ ಕೊಂಬು, ಅದರ ಜೊತೆಗೆ ನನ್ನ ಪುಸ್ತಕ. ಎರಡು ತಿಂಗಳಿಗೆ ಗಂಟುಗಳೆಲ್ಲ ಕರಗಿದವು. ಹುಲಿಹೈದರದಲ್ಲಿ ನನ್ನ ತಂಗಿಯ ಏಳು ತಿಂಗಳ ಕುಬಸದ ದಿನ ಅವನೇ ಹೋಗಿ ಬಳೆ ಇಟ್ಟು ಬಂದು ಹೇಳಿದ: "ಅತ್ತ್ಯಾರ ತಾವಽ ಎತ್ತಿ ಉಡಿಗಿ ಹಾಕಿದ್ರು ನೋಡ್ರಿ. ತಂಗೆವ್ವ ಮೊದಲ ಹಾಳಿ ಓದಿ ಕಣ್ಣಾಗ ನೀರು ತಂದ್ಲು. ಯಾಕ ಅಂತ ಯಾರಿಗೂ ತಿಳೀಲಿಲ್ಲ."

ಅಂದು ನಾನು ಹೋಳಿಗೆ ಮಾಡಿ ಆ ಮುದುಕನಿಗೆ ಬಡಿಸಿದೆ. ಗೆದ್ದೆ ಅಂದುಕೊಂಡೆ. ನಾಕಾ ಗುಮಾಸ್ತನನ್ನು ಗೆದ್ದೆ, ಶೆಟ್ಟರನ್ನು ಗೆದ್ದೆ, ಬೀಗತಿಯನ್ನು ಅವಳ ಕೈಯಿಂದಲೇ ಗೆದ್ದೆ. ನನ್ನ ತಂಗಿಯ ಕೂಸು ಈ ಸಲ ಉಳಿಯುತ್ತದೆ.

ತಂಗಿಗೆ ಒಂಬತ್ತು ಬಿದ್ದ ಹೊತ್ತಿನಲ್ಲಿ ಕುಷ್ಟಗಿಯ ಒಬ್ಬ ವಕೀಲರ ಮನೆಯಿಂದ ನನಗೆ ಕರೆ ಬಂತು. ಹೆರಿಗೆ ಸಲೀಸಾಗಿಯೇ ಆಯಿತು. ಆ ಮನೆಯ ಹಿರಿಯ ಸೊಸೆಗೆ ಓದಿನ ಹುಚ್ಚು. ನನಗೆ ಚಹಾ ಕೊಟ್ಟು, "ಒಂದು ಪುಸ್ತಕ ಬಂದೈತ್ರಿ, ಬಸರ್ಯಾರಿಗೆಲ್ಲ ಓದಿ ಹೇಳತೀನಿ. ಯಾರೋ ಒಬ್ಬ ಅಕ್ಕ ಬರದಾಳ, ಭಾಳ ಛಲೋ ಬರದಾಳ್ರಿ," ಎಂದಳು. ಎದೆ ಉಬ್ಬಿತು. ನಾನೇ ಆ ಅಕ್ಕ ಎಂದು ಹೇಳಲಿಲ್ಲ. ಓದವ್ವ, ಕೇಳೋಣ ಎಂದೆ.

ಅವಳು ಜಗಲಿಯ ಮೇಲಿಂದ ಪುಸ್ತಕ ಇಳಿಸಿದಳು. ದೇವರ ಜಗಲಿ! ಅರಿಷಿಣ, ಕುಂಕುಮ, ಮೇಲೊಂದು ಹೂವು. ಕಣ್ಣಿಗೊತ್ತಿಕೊಂಡು ರಾಗವಾಗಿ ಓದಿದಳು. ಬಸುರಿಯ ಊಟದ ಮಾತು ಮುಗಿಯುತ್ತಿದ್ದಂತೆ ಹಾಳೆ ತಿರುವಿದಳು, ತಟ್ಟನೆ ಬಾಣಂತಿಯ ಎಣ್ಣೆ ಹಚ್ಚುವ ಮಾತಿಗೆ ಬಂದಳು. ಅರ್ಧ ವಾಕ್ಯದಿಂದ ಇನ್ನರ್ಧ ವಾಕ್ಯಕ್ಕೆ.

"ನಡುವಿಂದು?"

"ಯಾವ ನಡುವಿಂದ್ರಿ?"

"ನಡುವ ಎರಡು ಪುಟ ಮುಚ್ಯಾವಲ್ಲ, ಅವು."

ಅವಳು ನಕ್ಕಳು. "ಹೌದ್ರಿ, ಕೂಡಿಕೊಂಡಾವ. ಮಾತು ನಡುನಡುವ ಜಿಗಿತೈತಿ. ದೊಡ್ಡೋರ ಮಾತು ನಮಗೆಲ್ಲ ತಿಳಿಬೇಕಂತೇನಿಲ್ಲಲ್ರಿ, ಅಂತ ಮುಂದ ಓದತೀನಿ."

"ಬಿಡಿಸಬೇಕಿಲ್ಲೇನವ್ವ? ಚೂರಿ ಹಾಕಿ?"

ಅವಳ ಮುಖ ನೋಡಬೇಕಿತ್ತು. ಒಲೆಯ ಮುಂದೆ ಕೂತಿದ್ದ ಅವಳ ಅತ್ತೆಯೂ ತಿರುಗಿದರು. "ಏನಂತೀ ಯವ್ವಾ? ಸರಸ್ವತಿಗಿ ಚೂರಿ ಹಾಕತಾರೇನು? ಅದೂ ಉಡ್ಯಾಗ ಬಿದ್ದದ್ದಕ್ಕ? ಬಾಣಂತಿ ಇದ್ದ ಮನ್ಯಾಗ?"

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ. ಮುಚ್ಚಿದ ಆ ಎರಡು ಪುಟ ಯಾವುದು ಎಂದು ನನಗೆ ಗೊತ್ತಿತ್ತು. ಕೈ ತೊಳೆಯುವುದು, ದಾರ ಕುದಿಸುವುದು, ಕುಡುಗೋಲು ಕುದಿಸುವುದು. ಪುಸ್ತಕವನ್ನು ಬರೆದದ್ದೇ ಆ ಎರಡು ಪುಟಕ್ಕಾಗಿ. ಉಳಿದದ್ದೆಲ್ಲ ಒಗ್ಗರಣೆ.

ಅಯ್ಯ ಶಿವನೇ, ಯಾರಿಗೆ ಬೈಯಲಿ? ಗದಗಿನ ಮಾಲೀಕನಿಗೆ ಬೈದೆ, ಅಲಗು ಕಳುಹಿಸದ ವಿಲಾಯತಿಗೆ ಬೈದೆ, ಪೂಜೆ ಮಾಡುವುದಕ್ಕೆ ಬರುತ್ತದೆ ಓದುವುದಕ್ಕೆ ಬರುವುದಿಲ್ಲ ಎಂದು ಊರ ಹೆಂಗಸರಿಗೆಲ್ಲ ಬೈದೆ. ಬೈದು ಬೈದು ಸುಸ್ತಾದಾಗ ಒಂದು ನೆನಪು ಬಂತು. ತಂಗಿ ಐದಾರು ವರ್ಷದವಳಿದ್ದಾಗ ಓದುವ ಪುಸ್ತಕದ ಹಾಳೆಯೊಂದನ್ನು ಹರಿದಿದ್ದಳು. "ಹಾಳಿ ಹರದ್ರ ವಿದ್ಯಾ ಹೋಗತೈತಿ, ಕಣ್ಣು ಹೋಗತಾವ," ಎಂದು ಬೆನ್ನಿಗೆ ಬಾರಿಸಿದವಳು ನಾನೇ. ಆ ಹುಡುಗಿ ಆಮೇಲೆ ಒಂದು ಹಾಳೆಯ ಮೂಲೆಯನ್ನೂ ಮಡಚಲಿಲ್ಲ. ಬೇರೆ ಯಾರಾದರೂ ಬಿಡಿಸಿಯಾರು, ಅವಳು ಮಾತ್ರ ಬಿಡಿಸುವುದಿಲ್ಲ. ಅವಳಿಗೆ ನಾನು ಅಷ್ಟು ಚೆನ್ನಾಗಿ ಕಲಿಸಿದ್ದೆ.

ವಕೀಲರ ಮನೆಯ ಪುಸ್ತಕವನ್ನು ಅಲ್ಲೇ ಕಸಿದುಕೊಂಡು ಈಳಿಗೆಯಿಂದ ಹಾಳೆ ಬಿಡಿಸಿದೆ. ಹಿರಿಯರು "ಯವ್ವಾ, ಯವ್ವಾ" ಎಂದು ಕಿವಿ ಮುಚ್ಚಿಕೊಂಡರು. ಯಾರ ಕಿವಿ ಮುಚ್ಚಿದರೂ ಬಿಡಲಿಲ್ಲ, ಎರಡು ಪುಟವನ್ನೂ ಗಟ್ಟಿಯಾಗಿ ಓದಿಯೇ ಎದ್ದೆ. ಆ ಮನೆಗೆ ಮತ್ತೆ ನನ್ನನ್ನು ಕರೆಯಲಿಲ್ಲ, ಅದು ಬೇರೆ ಮಾತು.

ಕೊಪ್ಪಳಕ್ಕೆ ಬಂದವಳೇ ಬಳೆಗಾರನನ್ನು ಕರೆಸಿದೆ. ನನ್ನ ಹತ್ತಿರ ಉಳಿದಿದ್ದ ಒಂದು ಪ್ರತಿಯ ಹಾಳೆಗಳನ್ನೆಲ್ಲ ಬಿಡಿಸಿ ಅವನ ಕೈಗಿಟ್ಟು, "ಇವತ್ತಽ ಹುಲಿಹೈದರಕ್ಕ ಹೋಗು. ಇದನ್ನ ತಂಗಿಗಿ ಕೊಟ್ಟು ಅದನ್ನ ತಗೊಂಡು ಬಾ," ಎಂದೆ. ಬಾಯಿಮಾತಿನಲ್ಲೂ ಹೇಳಿಕಳುಹಿಸಬಹುದಿತ್ತು ಎನ್ನುತ್ತೀರಿ. ಹೇಳಿದೆ. ಹೊಕ್ಕುಳ ಕೊಯ್ಯುವ ಮಾತು ಎತ್ತುತ್ತಿದ್ದಂತೆ ಆ ಮುದುಕ ತಲೆ ತಗ್ಗಿಸಿ, "ನಾ ಬಳಿ ಇಡೂ ಮನಶ್ಯಾ, ಅತ್ತ್ಯಾರ ಮುಂದ ಅದನ್ನ ಹ್ಯಾಂಗ ಆಡ್ಲಿ ಅಕ್ಕಾರ? ನಾಳಿಂದ ಯಾ ಮನಿಯಾಗೂ ಒಳಗ ಬಿಡಂಗಿಲ್ಲ," ಎಂದ. ಅವನದೂ ಸುಳ್ಳಲ್ಲ. ಪುಸ್ತಕವನ್ನು ಮಾತ್ರ ಒಯ್ದ.

ನಡೆದು ಹೋಗಿ ಬಂದವನು ಒಂಬತ್ತನೆಯ ದಿನ ಅದೇ ಪುಸ್ತಕವನ್ನು ತಿರುಗಿ ತಂದ.

"ತಂಗೆವ್ವನ್ನ ಕಾಣಾಕ ಬಿಡ್ಲಿಲ್ರಿ, ದಿನ ತುಂಬ್ಯಾವಂತ. ಅತ್ತ್ಯಾರಿಗಿ ಕೊಟ್ಟೆ. ತಿರಿಮುರಿ ನೋಡಿ, ಇದು ಹರಕ ಪುಸ್ತಕ ಐತಿ, ಅಂಚೆಲ್ಲ ಹರದೈತಿ, ಹರದದ್ದನ್ನ ಬಸರಿ ಮುಂದ ತರತೀಯೇನು ಅಂತ ಬೈದ್ರು. ಉಡಿಗಿ ಹಾಕಿದ್ದನ್ನ ತಿರುಗಿ ಕೇಳತೀಯಲ್ಲ, ನಿನಗ ಯಾರು ಕಳಿಸ್ಯಾರ ಅಂದ್ರು. ನಾ ಬಾಯಿ ಬಿಡ್ಲಿಲ್ಲ."

ಪುಸ್ತಕ ನೋಡಿದೆ. ಅವಸರದಲ್ಲಿ ಬಿಡಿಸಿದ್ದೆ, ಅಂಚುಗಳು ಪಿಸಿಪಿಸಿಯಾಗಿದ್ದವು. ನಿಧಾನವಾಗಿ, ಹರಿತವಾದ ಚೂರಿಯಿಂದ ಬಿಡಿಸಿದ್ದರೆ ಅದು ಹರಕು ಅನಿಸುತ್ತಿರಲಿಲ್ಲವೇನೋ. ನನಗೆ ಯಾವಾಗಲೂ ಅವಸರ.

ಇನ್ನು ಹೊಸ್ತಿಲು ಬಂದ್ ಇದ್ದರೆ ಇರಲಿ, ಒದ್ದುಕೊಂಡು ಹೋಗುತ್ತೇನೆ ಎಂದು ಎದ್ದೆ. ಮೋಟಾರಿನಲ್ಲಿ ಗಂಗಾವತಿ, ಅಲ್ಲಿಂದ ಭತ್ತದ ಗಾಡಿಯೊಂದರಲ್ಲಿ ಕನಕಗಿರಿ, ರಾತ್ರಿ ಅಲ್ಲೇ ಉಳಿದು ಮರುದಿನ ಬೆಳಗ್ಗೆ ಇನ್ನೊಂದು ಗಾಡಿ. ಎತ್ತುಗಳು ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದವು. ಗಾಡಿಯವನಿಗೆ ದಾರಿಯುದ್ದಕ್ಕೂ ಬೈದೆ. ಕಡೆಗೆ ಅವನು, "ಎತ್ತಿಗಿ ಬೈಯ್ರಿ, ನನಗ್ಯಾಕ ಬೈತೀರಿ?" ಎಂದ. ಊರು ಕಾಣುವಾಗ ಗಾಡಿಯಿಂದ ಇಳಿದು ನಡೆದೇಬಿಟ್ಟೆ. ಬಾಗಿಲಲ್ಲಿ ಬೀಗತಿಗೆ ಏನನ್ನಬೇಕು, ಅವಳು ಏನಂದರೆ ನಾನೇನನ್ನಬೇಕು, ಎಲ್ಲ ಬಾಯಿಪಾಠ ಮಾಡಿಕೊಂಡಿದ್ದೆ.

ಬಾಗಿಲಲ್ಲಿ ಅವಳೇ ನಿಂತಿದ್ದಳು. ನನ್ನನ್ನು ನೋಡಿದಳು. ಒಂದು ಮಾತು ಬೈಯಲಿಲ್ಲ.

"ಒಳಗ ಬಾ ಯವ್ವಾ," ಅಂದಳು.

ಅಷ್ಟು ಸಾಕಾಯಿತು ನನಗೆ. ಏನಾಗಿದೆ ಎಂದು ಹೊಸ್ತಿಲ ಮೇಲೇ ತಿಳಿಯಿತು.

ಕೂಸು ಹುಟ್ಟಿ ಏಳು ದಿನವಾಗಿತ್ತು. ಬಳೆಗಾರ ಬಂದುಹೋದ ಮರುದಿನವೇ ಹೆರಿಗೆಯಾಗಿತ್ತಂತೆ. ಗಂಡುಕೂಸು, ತುಂಬಿದ ಮೈ, ತಲೆ ತುಂಬ ಕೂದಲು. ಹಿಂದಿನ ದಿನ ಸಂಜೆಯಿಂದ ಮೊಲೆ ಹಿಡಿಯುತ್ತಿರಲಿಲ್ಲ. ನಾನು ಬೆರಳಿನಿಂದ ಅದರ ಗಲ್ಲ ಮುಟ್ಟಿದೆ, ದವಡೆ ಕಲ್ಲಾಗಿತ್ತು. ಮುಟ್ಟಿದ್ದಕ್ಕೇ ಮೈ ಬಿಗಿದು ಬಾಗಿತು. ನಾನು ಕಲಿತ ವಿದ್ಯೆಯಲ್ಲಿ ಇದು ಬಾರದ ಹಾಗೆ ನೋಡಿಕೊಳ್ಳುವುದಿತ್ತು, ಬಂದಮೇಲೆ ಮಾಡುವುದು ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೂಸು ಹೋಯಿತು. ಈ ಸಲ ಯಾರೂ ನನ್ನನ್ನು ದೂರಲಿಲ್ಲ. ಬೀಗತಿ ಮೂಲೆಯಲ್ಲಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ಅವಳಿಗೆ ಬೈಯಲೆಂದು ತಂದ ಮಾತುಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ.

ಮಣ್ಣು ಮಾಡಿ ಬಂದಮೇಲೆ ಸೂಲಗಿತ್ತಿಯನ್ನೂ ಬೀಗತಿಯನ್ನೂ ಹಿತ್ತಲಿಗೆ ಕರೆದುಕೊಂಡು ಹೋದೆ. ಮೂರು ಕಲ್ಲು ಹೂಡಿ, ಹರವಿಯಲ್ಲಿ ನೀರು ಮರಳಿಸಿ, ಅದೇ ಕುಡುಗೋಲನ್ನು ಅದರಲ್ಲಿ ಹಾಕಿಸಿದೆ. ದಾರ ಹಾಕಿಸಿದೆ. ಸೂಲಗಿತ್ತಿಯ ಕೈಯನ್ನು ಉಗುರ ಸಂದಿಯವರೆಗೂ ನಾನೇ ತಿಕ್ಕಿ ತೊಳೆದೆ. ಮೂರು ಸಲ ಅವಳಿಂದ ಮಾಡಿಸಿ, ಮೂರು ಸಲ ಬಾಯಿಂದ ಹೇಳಿಸಿದೆ. ಬೀಗತಿ ಎಲ್ಲವನ್ನೂ ನೋಡಿದಳು.

"ಇಷ್ಟಽ ಇತ್ತೇನು?" ಎಂದಳು.

"ಇಷ್ಟಽ," ಎಂದೆ.

ಅವಳು ಕೆಂಡದ ಮೇಲೆ ಬೂದಿ ಎಳೆದಳು. ಆಮೇಲೆ, "ಇದನ್ನ ನಿನ್ನ ತಂಗಿ ಮುಂದ ಆಡಬ್ಯಾಡ ಯವ್ವಾ," ಎಂದಳು. ಅವಳು ಯಾಕೆ ಹಾಗೆ ಅಂದಳೆಂದು ನನಗೆ ಒಳಗೆ ಹೋದಮೇಲೆ ತಿಳಿಯಿತು.

ತಂಗಿ ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಪುಸ್ತಕ. ಮೇಲುಹೊದಿಕೆ ಕುಂಕುಮದಿಂದ ಕೆಂಪಾಗಿತ್ತು. ಒಂದು ಹಾಳೆಯೂ ಬಿಡಿಸಿರಲಿಲ್ಲ.

"ನೀನಽ ಬರದದ್ದು ಅಂತ ಮೊದಲ ಹಾಳ್ಯಾಗ ಗೊತ್ತಾತು ಅಕ್ಕ," ಎಂದಳು. "ನೀ ಮಾತಾಡಿದಂಗಽ ಐತಿ. ದಿನಾ ಓದೀನಿ. ಎಲ್ಲಾ ಬಾಯಿಲೆ ಬರತೈತಿ. ನೀ ಹೇಳಿದ್ದೆಲ್ಲ ಮಾಡೀನಿ."

"ಮಾಡೀದಿ ಯವ್ವಾ."

"ಮುಚ್ಚಿದವು ಅಷ್ಟಽ ಉಳದಾವ. ಅವರಾಗ ಇದೊಂದು ಇತ್ತು." ಅವಳು ಆ ಎರಡು ಪುಟವನ್ನು ಹಿಡಿದು, ಸಂದಿಯಲ್ಲಿ ಬೆರಳು ತೂರಿಸದೆ, ಬರೀ ಬಾಯಗಲಿಸಿ ತೋರಿಸಿದಳು. "ಬಿಸಿಲಿಗಿ ಹಿಡದು ಇಣುಕಿ ನೋಡೀನಿ. ಹರೀಬಾರದಂತ ಹುಷಾರಿಲೆ ನೋಡೀನಿ. ಅರ್ಧ ಸಾಲು ಕಂಡಿತ್ತು. ಕುದಿಸಿದ ನೀರು ಅಂತ ಇತ್ತು. ಅದಕ್ಕ ಅಂದಿನಿಂದ ನೀರು ಕುದಿಸೇ ಕುಡದೀನಿ ಅಕ್ಕ. ಅತ್ತಿ ಬೈದ್ರೂ ತಣ್ಣೀರು ಮುಟ್ಟಿಲ್ಲ. ಅದರಾಗ ಬ್ಯಾರೆ ಏನರ ಇತ್ತೇನು?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಿನ ಮುಂದೆ ಆ ಎರಡು ಪುಟಗಳಿದ್ದವು. ಹತ್ತಿರದಲ್ಲೇ ಗೂಡಿನಲ್ಲಿ ಅಡಿಕೆ ಕತ್ತರಿಸುವ ಅಡಕತ್ತಿತ್ತು. ಬಿಡಿಸಿ ತೋರಿಸಲು ಒಂದು ಗಳಿಗೆ ಸಾಕಾಗಿತ್ತು.

"ಇಲ್ಲವ್ವ," ಎಂದೆ. "ಅಷ್ಟಽ. ಕುಡಿಯೋ ನೀರಿನ ಮಾತು. ನೀ ಮಾಡಿದ್ದು ಬರೋಬ್ಬರಿ ಐತಿ."

ಪುಸ್ತಕ ಅವಳ ಕೈಯಿಂದ ತೆಗೆದುಕೊಂಡೆ. ಅವಳು ಕೊಟ್ಟಳು.

"ಹಂಗಾರ ಕೂಸು ಯಾಕ ಹೋತಕ್ಕ? ಬಳ್ಳಾರಿಗಿ ಹೋಗಿ ಕಲತು ಬಂದಿ. ನಿನಗೂ ಗೊತ್ತಿಲ್ಲೇನು?"

ಬಾಗಿಲಲ್ಲಿ ಬೀಗತಿ ಬಂದು ನಿಂತಿದ್ದಳು. ಇಡೀ ಸೀಮೆಯಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂದು ನಾಕಾದಲ್ಲಿ, ಅಂಗಡಿಯಲ್ಲಿ, ಕಂಡಕಂಡವರ ಮನೆಯಲ್ಲಿ ಗಂಟಲು ಹರಿದುಕೊಂಡವಳು ನಾನು.

"ಇಲ್ಲ ತಂಗೆವ್ವ," ಎಂದೆ, "ನನಗೂ ಗೊತ್ತಿಲ್ಲ."